ಶುಕ್ರವಾರದ ಅರ್ಧ ಗಂಟೆ

ಚಿತ್ರದುರ್ಗದಿಂದ ಹೊಸದುರ್ಗಕ್ಕೆ ಬರುವ ಸಾಯಂಕಾಲದ ಬಸ್ಸಿನಲ್ಲಿ ಸೀಟು ಸಿಗುವುದಿಲ್ಲ. ಆ ವರ್ಷ ನಾನು ಎಷ್ಟು ಸಲ ಹಾಗೆ ನಿಂತುಕೊಂಡೇ ಬಂದೆನೋ ನನಗೆ ನೆನಪಿಲ್ಲ, ಸೊಂಟಕ್ಕೆ ಮಾತ್ರ ಚೆನ್ನಾಗಿ ನೆನಪಿದೆ. ಡಾಕ್ಟರು, "ಏನಾದರೂ ಭಾರ ಎತ್ತಿದಿರಾ?" ಎಂದು ಕೇಳಿದರು. "ಜಾಗತಿಕ ಶಿಕ್ಷಣ" ಎಂದೆ. ಅವರು ನನ್ನ ಮುಖ ನೋಡಿ ನೋವಿನ ಮಾತ್ರೆ ಬರೆದುಕೊಟ್ಟರು.

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವಳು. ಹೊಸದುರ್ಗದಿಂದ ಬಾಗೂರಿನ ಕಡೆ ಹೋಗುವಾಗ ರಸ್ತೆಯಿಂದ ಸ್ವಲ್ಪ ಒಳಗಿರುವ ಊರು ನಮ್ಮದು. ಸುತ್ತಲಿನ ಹಟ್ಟಿಗಳ ಮಕ್ಕಳೆಲ್ಲ ಅಲ್ಲಿಗೇ ಬರುತ್ತಾರೆ. ಪಾಠದ ಜೊತೆಗೆ ಮೊಟ್ಟೆ, ಹಾಲು, ಜನಗಣತಿ, ಚುನಾವಣೆ ಎಲ್ಲವೂ ನಮ್ಮ ತಲೆಗೇ ಬರುತ್ತವೆ. ಹಾಗಿರುವಾಗ ಜಗತ್ತೊಂದು ಬಿಟ್ಟುಹೋಗಿತ್ತು, ಅದೂ ಬಂತು ಅಷ್ಟೆ.

ಬಂದದ್ದು ಒಂದು ತರಬೇತಿಯ ರೂಪದಲ್ಲಿ. ಬೆಂಗಳೂರಿನ ಯಾವುದೋ ಸ್ವಯಂಸೇವಾ ಸಂಸ್ಥೆಯವರು ಚಿತ್ರದುರ್ಗದಲ್ಲಿ ನಮ್ಮನ್ನೆಲ್ಲ ಕೂರಿಸಿದರು. ನನ್ನ ಮಗಳ ವಯಸ್ಸಿನ ಒಬ್ಬಳು ಪರದೆಯ ಮೇಲೆ ಭೂಮಿಯನ್ನು ತಿರುಗಿಸುತ್ತಾ ಉತ್ಸಾಹದಿಂದ ಮಾತಾಡಿದಳು. ಜಗತ್ತು ಪುಸ್ತಕದಲ್ಲಿಲ್ಲ, ನಿಮ್ಮ ಊರಲ್ಲೇ ಇದೆ. ನಿಮ್ಮ ತಾಲ್ಲೂಕಿನಲ್ಲಿ ಬೇರೆ ದೇಶಗಳ ಜೊತೆ ವ್ಯವಹಾರ ಇರುವವರು, ಅಲ್ಲಿ ಬದುಕಿ ಬಂದವರು, ಅಲ್ಲೇ ದುಡಿಯುವವರು ಇದ್ದಾರೆ. ಅವರನ್ನು ಹುಡುಕಿ ಸಮುದಾಯ ಪಾಲುದಾರರನ್ನಾಗಿ ಮಾಡಿಕೊಳ್ಳಿ, ಒಂದು ಪೀರಿಯಡ್ ಮಕ್ಕಳ ಜೊತೆ ಕೂರಿಸಿ, ಮಾತಾಡಿಸಿ. ಆ ಪಾಠದ ಫೋಟೊ ಕಳಿಸಿದರೆ ನಮ್ಮ ತರಗತಿಗೂ ಹೊರದೇಶದ ಒಂದು ತರಗತಿಗೂ ಸಂಪರ್ಕ ಮಾಡಿಸಿಕೊಡುತ್ತಾರಂತೆ.

ನನಗೆ ಆ ಮಾತು ಹಿಡಿಸಿಬಿಟ್ಟಿತು. ತರಬೇತಿಯಲ್ಲಿ ಕೇಳಿದ್ದನ್ನು ನಂಬುವ ವಯಸ್ಸು ನನ್ನದಲ್ಲ, ಆದರೂ ನಂಬಿದೆ. ಮುಖ್ಯೋಪಾಧ್ಯಾಯರಿಗೆ ಅಷ್ಟೇ ಬೇಕಿತ್ತು. "ನೀವೇ ನೋಡ್ಕಳ್ರಿ ಮೇಡಂ. ನೀವು ಹೋಗಿ ಕೇಳಿದ್ರೆ ಯಾರೂ ಇಲ್ಲ ಅನ್ನಲ್ಲ" ಎಂದರು. ನನ್ನ ಬಾಯಿಗೆ ಎಲ್ಲರೂ ಹೆದರುತ್ತಾರೆ ಎಂದು ಅದರ ಅರ್ಥ.

ಮೊದಲು ಹೋದದ್ದು ಹೊಳಲ್ಕೆರೆಗೆ. ಅಲ್ಲಿನ ಮಾರುಕಟ್ಟೆ ಯಾರ್ಡಿನಲ್ಲಿ ಒಬ್ಬ ಅಡಿಕೆ ವ್ಯಾಪಾರಿ, ನನ್ನ ತಂಗಿಯ ಗಂಡನಿಗೆ ಪರಿಚಯದವರು. ಅಡಿಕೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಹೊರದೇಶದ ಅಡಿಕೆ ಬಂದರೆ ಇಲ್ಲಿನ ದರ ಯಾಕೆ ಬೀಳುತ್ತದೆ ಎಂಬುದನ್ನು ಮಕ್ಕಳಿಗೆ ಅವರು ಹೇಳಲಿ ಎಂಬುದು ನನ್ನ ಆಸೆ. ನಾನು ವ್ಯಾನಿಟಿ ಬ್ಯಾಗ್ ಹಿಡಿದು ಮೆಟ್ಟಿಲು ಹತ್ತುವುದನ್ನು ಕಂಡ ಕೂಡಲೇ ಅವರು ಎದ್ದು ನಿಂತರು.

"ಬರ್ರಿ ಮೇಡಂ, ಕುಂತ್ಕಳ್ರಿ. ಲೇ, ಎರಡು ಟೀ ಹೇಳ್ಲೇ. ಶಾಲೆಗೆ ಏನ್ ಬೇಕಾಗಿತ್ತು ಹೇಳ್ರಿ."

"ಏನೂ ಬೇಡ. ನೀವೇ ಬರಬೇಕು. ಒಂದು ಪೀರಿಯಡ್ ಮಕ್ಕಳ ಜೊತೆ ಮಾತಾಡಬೇಕು."

ಅವರು ಜೋರಾಗಿ ನಕ್ಕರು. "ನಾನೇನ್ ಮಾತಾಡ್ಲಿ ಮೇಡಂ? ನೀವು ಸಂಕೋಚ ಮಾಡ್ಕಬ್ಯಾಡ್ರಿ, ಬಾಯಿಬಿಟ್ಟು ಕೇಳ್ರಿ."

ನಾನು ಬಾಯಿಬಿಟ್ಟೇ ಕೇಳುತ್ತಿದ್ದೆ. ಮೇಷ್ಟ್ರೋ ಮೇಡಮ್ಮೋ ಅಂಗಡಿಯ ಮೆಟ್ಟಿಲು ಹತ್ತಿದರೆ ನಮ್ಮ ಕಡೆ ಅದಕ್ಕೆ ಇರುವುದು ಒಂದೇ ಅರ್ಥ, ದೇಣಿಗೆ. ಬೇರೆ ಏನು ಹೇಳಿದರೂ ಅದು ಪೀಠಿಕೆ. ಟೀ ಕುಡಿದು, ಮತ್ತೊಮ್ಮೆ ಬಿಡಿಸಿ ಹೇಳಿ, ಅವರು "ಆಗ್ಲಿ ಆಗ್ಲಿ" ಎಂದು ತಲೆಯಾಡಿಸಿದ್ದನ್ನು ನಂಬಿಕೊಂಡು ಬಂದೆ. ಮುಂದಿನ ವಾರ ಅವರು ಬರಲಿಲ್ಲ, ಒಂದು ಫ್ಯಾನು ಬಂತು. ಮೂರು ರೆಕ್ಕೆಯ ಮೇಲೂ ಕೆಂಪು ಬಣ್ಣದಲ್ಲಿ ಅವರ ಅಂಗಡಿಯ ಹೆಸರು.

ಹೊಸದುರ್ಗದ ಹತ್ತಿರ ಒಬ್ಬರು ದಾಳಿಂಬೆ ಬೆಳೆಗಾರರಿದ್ದಾರೆ. ಅವರ ಹಣ್ಣು ಹಡಗು ಹತ್ತುತ್ತದೆ. ತೋಟಕ್ಕೇ ಹೋಗಿ ಕೇಳಿದೆ. "ಎಸ್ಸೆಸ್ಸೆಲ್ಸಿ ಡುಮ್ಕಿ ಹೊಡೆದೋನು ನಾನು, ಶಾಲೆಗೆ ಬಂದು ಪಾಠ ಮಾಡ್ಲಾ? ಮಕ್ಕಳು ಕೆಡ್ತಾವೆ ಮೇಡಂ" ಎಂದು ಕೈಮುಗಿದರು. ಅವರಿಂದ ಒಂದು ಕಬ್ಬಿಣದ ಬೀರು ಬಂತು, ಬಾಗಿಲ ಮೇಲೆ ಅವರ ತಾಯಿಯ ಸ್ಮರಣಾರ್ಥ. ಚಿತ್ರದುರ್ಗದಲ್ಲಿ ಗಾಳಿಯಂತ್ರದ ಕಂಪನಿಯ ಎಂಜಿನಿಯರ್ ಒಬ್ಬರನ್ನು ಹಿಡಿದೆ. ಅವರ ಯಂತ್ರದ ಅರ್ಧ ಭಾಗ ಹೊರದೇಶದಿಂದ ಬರುತ್ತದೆ, ನಮ್ಮ ಗುಡ್ಡದ ಮೇಲೆ ತಿರುಗುತ್ತದೆ. ಮಕ್ಕಳು ದಿನಾ ನೋಡುವ ವಸ್ತು, ಇದಕ್ಕಿಂತ ಒಳ್ಳೆಯ ಪಾಠ ಇನ್ನೇನಿದೆ? ಮೇಲಿನವರ ಒಪ್ಪಿಗೆ ಬೇಕು ಎಂದು ಅವರು ಹೇಳುತ್ತಾ ಹೋದರು, ನಾನು ಅಲೆಯುತ್ತಾ ಹೋದೆ. ಕೊನೆಗೆ ಒಪ್ಪಿಗೆ ಸಿಕ್ಕಿತು. ಅದು ಪ್ಲಾಸ್ಟಿಕ್ ಕುರ್ಚಿಗಳಿಗೆ.

ಮುಖ್ಯೋಪಾಧ್ಯಾಯರ ಸಂತೋಷಕ್ಕೆ ಮೇರೆಯಿಲ್ಲ. "ನಿಮ್ಮ ಕೈಗುಣ ಚೆನ್ನಾಗೈತೆ ಮೇಡಂ. ಹಿರಿಯೂರಿನಾಗೆ ಯಾರನ್ನಾದ್ರೂ ನೋಡ್ಕಂಬರ್ರಿ, ನೀರಿನ ಫಿಲ್ಟರ್ ಒಂದು ಆಗಿಬಿಡ್ಲಿ."

ಹಿರಿಯೂರಿಗೂ ಹೋದೆ. ಅಲ್ಲಿ ಹೊರದೇಶದಲ್ಲಿ ಕೆಲಸ ಮಾಡಿ ನಿವೃತ್ತರಾಗಿ ಬಂದ ಒಬ್ಬ ಡಾಕ್ಟರಿದ್ದರು. ಬಾಗಿಲು ತೆಗೆದ ಅವರ ಹೆಂಡತಿ, ನಾನು ಎಲ್ಲಿಂದ ಬಂದೆ ಎಂದು ಹೇಳುವುದರೊಳಗೆ "ಈ ವರ್ಷದ್ದು ಕೊಟ್ಟಾಗಿದೆ" ಎಂದು ಬಾಗಿಲು ಹಾಕಿಕೊಂಡರು. ಆ ಬಿಸಿಲಿನಲ್ಲಿ ಬಸ್‌ಸ್ಟ್ಯಾಂಡಿಗೆ ನಡೆದು ಬರುವಾಗ ನನಗೆ ಅಳು ಬಂತು. ನಾಚಿಕೆ ಇಲ್ಲದೆ ಹೇಳುತ್ತೇನೆ, ಸೀಬೆಹಣ್ಣಿನ ಗಾಡಿಯ ಪಕ್ಕ ನಿಂತು ಅತ್ತೆ.

ಇವರಲ್ಲಿ ಯಾರೂ ಕೆಟ್ಟವರಲ್ಲ. ಕೈ ಬಿಚ್ಚಿ ಕೊಟ್ಟವರು. ಆದರೆ ವಸ್ತು ಕೊಡುವುದು ಸುಲಭ. ಮಕ್ಕಳ ಮುಂದೆ ಕೂತು ನನಗೆ ಇಷ್ಟು ಗೊತ್ತು, ಇಷ್ಟು ಗೊತ್ತಿಲ್ಲ ಎನ್ನುವುದು ಕಷ್ಟ. ಅಷ್ಟಕ್ಕೂ ಇಷ್ಟು ವರ್ಷ ಶಾಲೆಯವರು ಅವರಲ್ಲಿ ಬೇರೆ ಏನನ್ನಾದರೂ ಕೇಳಿದ್ದರೆ ತಾನೆ?

ಮರುದಿನ ಒಂಬತ್ತನೇ ತರಗತಿಗೆ ಹೋದಾಗ ನನ್ನ ತಲೆ ಕೆಟ್ಟಿತ್ತು. ಹಾಜರಿ ಕೂಡ ಕರೆಯದೆ, "ನಿಮ್ಮ ಮನೆಗಳಲ್ಲಿ ಹೊರದೇಶ ನೋಡಿದವರು, ಇಲ್ಲಿ ನಿಮ್ಮ ಜೊತೆ ಮಾತಾಡುವವರು ಒಬ್ಬರಾದರೂ ಇದ್ದಾರೇನ್ರೋ?" ಎಂದು ಗದರಿದೆ. ಹಿಂದಿನ ಬೆಂಚಿನಿಂದ ಒಬ್ಬ, "ನಮ್ಮಪ್ಪ ಆಂಧ್ರ ನೋಡವ್ನೆ ಮಿಸ್" ಎಂದ. ಎಲ್ಲ ನಕ್ಕರು. ನಾನು ಪುಸ್ತಕ ತೆಗೆದೆ.

ಬೆಲ್ ಹೊಡೆದ ಮೇಲೆ ವರಾಂಡದಲ್ಲಿ ಯಾರೋ ಹಿಂದೆಯೇ ಬರುತ್ತಿರುವುದು ಗೊತ್ತಾಯಿತು. ತಿರುಗಿದರೆ ಎರಡನೇ ಬೆಂಚಿನ ಹುಡುಗಿ. ಎರಡು ವರ್ಷದಿಂದ ನನ್ನ ತರಗತಿಯಲ್ಲಿದ್ದರೂ ಹಾಜರಿಗೆ ಓಗೊಡುವುದು ಬಿಟ್ಟರೆ ಅವಳ ದನಿ ಕೇಳಿದ್ದು ಕಡಿಮೆ.

"ಮಿಸ್, ನಮ್ಮವ್ವ ಕುವೈತ್‌ನಾಗೆ ಅವ್ಳೆ. ಆಕೆ ಆಗ್ತಾಳಾ?"

ಕೈಯಲ್ಲಿದ್ದ ಹಾಜರಿ ಪುಸ್ತಕವನ್ನು ಕಂಕುಳಿಗೆ ಸೇರಿಸಿ ನಿಂತೆ. ಅವಳೇ ಮುಂದುವರಿಸಿದಳು. ಇಷ್ಟು ಮಾತನ್ನು ಎಷ್ಟು ದಿನದಿಂದ ಕೂಡಿಟ್ಟುಕೊಂಡಿದ್ದಳೋ, ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಅವಳ ಅಪ್ಪನ ಮನೆ ಹಿರಿಯೂರಿನಾಚೆ, ಆಂಧ್ರದ ಗಡಿಯ ಹತ್ತಿರ. ಅಪ್ಪ ಬೇರೆ ಸಂಸಾರ ಮಾಡಿಕೊಂಡಾಗ ಅವ್ವ ಗಡಿಯಾಚೆಯ ಏಜೆಂಟನ ಮೂಲಕ ಕುವೈತ್‌ಗೆ ಮನೆಗೆಲಸಕ್ಕೆ ಹೋದಳು. ಮಗಳನ್ನು ಇಲ್ಲಿ ತನ್ನ ತವರಿನ ಹಟ್ಟಿಯಲ್ಲಿ ಬಿಟ್ಟಳು. ಆಗ ಹುಡುಗಿ ನಾಲ್ಕನೇ ಕ್ಲಾಸು. ಅವ್ವನ ಫೋನು ಆ ಮನೆಯ ಒಡತಿಯ ಹತ್ತಿರ ಇರುತ್ತದೆ. ಶುಕ್ರವಾರ ಆ ಸಂಸಾರ ಒಡತಿಯ ತವರಿಗೆ ಊಟಕ್ಕೆ ಹೋಗುವಾಗ ಅವಳ ಅತ್ತೆಯೊಬ್ಬಳೇ ಮನೆಯಲ್ಲಿ ಉಳಿಯುತ್ತಾಳೆ, ಆಕೆ ಅರ್ಧ ಗಂಟೆ ಫೋನು ಕೊಡುತ್ತಾಳೆ. ಇಲ್ಲಿ ಆಗ ಮಧ್ಯಾಹ್ನ ಮೂರರ ಸುಮಾರು.

"ಮೊದ್ಲು ನಮ್ಮ ಸ್ಕೂಲು ಮನೆ ಪಕ್ಕಾನೇ ಇತ್ತು ಮಿಸ್. ಓಡೋಗಿ ಮಾತಾಡಿ ಬರ್ತಿದ್ದೆ. ಹೈಸ್ಕೂಲಿಗೆ ಬಂದ ಮೇಲೆ ಆಗಂಗಿಲ್ಲ. ಅಜ್ಜಿ ಒಬ್ಳೇ ಮಾತಾಡ್ತಾಳೆ. ರಜಾ ಇದ್ರೆ ಮಾತ್ರ ನಂಗೆ ಸಿಗ್ತಾಳೆ." ಆಮೇಲೆ, "ನಾನು ಕ್ಲಾಸಿನಾಗೆ ಕುಂತಿರಾದು ಆಕೆ ನೋಡೇ ಇಲ್ಲ" ಎಂದಳು.

ಅರ್ಥವಾಯಿತು. ನನಗೆ ಪಾಲುದಾರರು ಬೇಕಿತ್ತು, ಅವಳಿಗೆ ಅವಳ ಶುಕ್ರವಾರದ ಅರ್ಧ ಗಂಟೆ ವಾಪಸ್ ಬೇಕಿತ್ತು. ಮಾತಾಡದ ಹುಡುಗಿಯ ತಲೆ ಎಷ್ಟು ಚುರುಕಾಗಿ ಓಡಿತ್ತು ನೋಡಿ. ನಾನು ತಾಲ್ಲೂಕು ತಾಲ್ಲೂಕು ತಿರುಗಿ ಜಗತ್ತನ್ನು ಹುಡುಕುತ್ತಿದ್ದೆ, ಇವಳು ಎರಡನೇ ಬೆಂಚಿನಲ್ಲಿ ಕೂತು ಪ್ರತಿ ಶುಕ್ರವಾರ ಮೂರು ಗಂಟೆಗೆ ಕಿಟಕಿಯಾಚೆ ನೋಡುತ್ತಿದ್ದಳು. ಅದಕ್ಕೆ ನಾನು ಎಷ್ಟೋ ಸಲ ಬೈದಿದ್ದೆ ಕೂಡ.

ಆ ಭಾನುವಾರ ಹಟ್ಟಿಗೆ ಹೋಗಿ ಅಜ್ಜಿಯನ್ನು ಕಂಡೆ. ಹೊಲದಿಂದ ಆಗ ತಾನೇ ಬಂದಿದ್ದ ಆಕೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಚಾಪೆ ಹಾಸಿದರು. ವಿಷಯ ಹೇಳಿದೆ. ಅವರಿಗೆ ಮೊದಲು ಹೆದರಿಕೆಯಾಯಿತು.

"ಫೋನಿನಾಗೆ ಜಾಸ್ತಿ ಜನ ಕಂಡ್ರೆ ಆ ಮುದುಕಿ ಕಿತ್ಕಂಬಿಟ್ಟಾಳು ಮೇಡಂನೋರೆ. ಆಮ್ಯಾಕೆ ಆ ಅರ್ಧ ಗಂಟೇನೂ ಹೋದಾತು."

"ಮಕ್ಕಳು ಬಿಟ್ಟು ಬೇರೆ ಯಾರೂ ಇರಲ್ಲ. ತರಗತಿ ಅಷ್ಟೆ" ಎಂದೆ.

ಅಜ್ಜಿ ಮೊಮ್ಮಗಳ ಮುಖ ನೋಡಿದರು. ಹುಡುಗಿ ಗೋಡೆಗೆ ಒರಗಿ ನೆಲ ನೋಡುತ್ತಿದ್ದಳು. "ಆತು ತಗಳ್ರಿ. ಶುಕ್ರವಾರ ನಾನೇ ಫೋನು ತಗಂಡು ಬತ್ತೀನಿ" ಎಂದರು. ಅವ್ವನ ಕಡೆಯಿಂದ ಬರುವ ಕಾಲ್ ಅಜ್ಜಿಯ ಆ ಒಂದು ನಂಬರಿಗೆ ಮಾತ್ರ.

ಮುಖ್ಯೋಪಾಧ್ಯಾಯರಿಗೆ ಹೇಳದೆ ಇರುವಂತಿರಲಿಲ್ಲ, ಸ್ಮಾರ್ಟ್ ಕ್ಲಾಸಿನ ಟಿವಿಯ ಬೀಗದ ಕೈ ಅವರ ಜೇಬಿನಲ್ಲಿ. ಕೇಳಿದ ಕೂಡಲೇ ಅವರ ಮುಖ ಅರಳಿತು. "ತಾಯಿ! ಅದೂ ಹೊರದೇಶದಾಗೆ ದುಡಿಯೋ ತಾಯಿ! ಅಧ್ಯಕ್ಷರಿಗೊಂದು ಮಾತು ಹೇಳಾಣ ಮೇಡಂ. ಹೇಳ್ದೆ ಮಾಡಿದ್ರೆ ಬೇಜಾರು ಮಾಡ್ಕಂತಾರೆ." ಅಧ್ಯಕ್ಷರೆಂದರೆ ಶಾಲಾಭಿವೃದ್ಧಿ ಸಮಿತಿಯವರು, ಕೊಬ್ಬರಿ ವ್ಯಾಪಾರಿ. ಶಾಲೆಯ ಕಾಂಪೌಂಡ್ ಕಟ್ಟಿಸಲು ಓಡಾಡಿದವರು, ಒಳ್ಳೆಯ ಮನುಷ್ಯ.

"ಕಾರ್ಯಕ್ರಮ ಏನೂ ಬೇಡ ಸಾರ್. ಒಂದು ಪೀರಿಯಡ್ ಅಷ್ಟೆ."

"ಸಣ್ಣದಾಗಿ. ಒಂದು ಹಾರ, ಒಂದು ಶಾಲು. ಹಂಗೇ ಸುಮ್ನೆ ಮಾತಾಡ್ಸಿ ಕಳಿಸಿದ್ರೆ ಮರ್ಯಾದೆ ಕೊಟ್ಟಂಗಾಗುತ್ತಾ?"

ಬೇರೆ ದಿನವಾಗಿದ್ದರೆ ಅಲ್ಲೇ ಜಗಳ ತೆಗೆಯುತ್ತಿದ್ದೆ. ಆದರೆ ಆ ವರ್ಷ ಫ್ಯಾನು, ಬೀರು, ಕುರ್ಚಿ, ಬಸ್ಸು, ಬಿಸಿಲು ಎಲ್ಲ ಸೇರಿ ನನ್ನ ಜಗಳದ ಶಕ್ತಿಯನ್ನೇ ತಿಂದುಹಾಕಿದ್ದವು. ಏನಾದರೂ ಮಾಡಿಕೊಳ್ಳಿ ಎಂದು ಕೈ ಆಡಿಸಿ ತರಗತಿಗೆ ಹೋದೆ.

ಶುಕ್ರವಾರ ಊಟದ ಬಿಡುವು ಮುಗಿಸಿ ಬಂದು ನೋಡಿದರೆ ಟಿವಿ ತರಗತಿಯಲ್ಲಿರಲಿಲ್ಲ. ಅದನ್ನು ಹೊರಗೆ ತಂದು, ಹಾಲ್‌ನ ಮುಂದಿನ ವೇದಿಕೆಯಲ್ಲಿ ಮೇಜಿನ ಮೇಲೆ ಇಟ್ಟಿದ್ದರು. ಮೇಜಿಗೆ ಜಮಖಾನ. ಪಕ್ಕದಲ್ಲಿ ಗಾಳಿಯಂತ್ರದವರ ಕುರ್ಚಿಗಳ ಸಾಲು. ಅದರಲ್ಲಿ ಅಧ್ಯಕ್ಷರು, ಪಂಚಾಯ್ತಿಯವರು ಇಬ್ಬರು, ಸುದ್ದಿ ಕೇಳಿ ಬಂದ ಪಕ್ಕದೂರಿನ ಒಬ್ಬ ಮುಖಂಡರು. ಎದುರಿಗೆ ಎಲ್ಲ ತರಗತಿಯ ಮಕ್ಕಳು, ಅವರ ಹಿಂದೆ ಊರಿನ ಹೆಂಗಸರು. ದೀಪದ ಕಂಬಕ್ಕೆ ಬತ್ತಿ ಹಾಕಿ ಸಿದ್ಧ ಮಾಡಿದ್ದರು. ಹುಡುಗಿ ಮುಂದಿನ ಸಾಲಿನಲ್ಲಿ ಅಜ್ಜಿಯ ಪಕ್ಕ ಕೂತಿದ್ದಳು. ಹೊಸದಾಗಿ ಇಸ್ತ್ರಿ ಮಾಡಿದ ಯೂನಿಫಾರ್ಮು, ಎರಡು ಜಡೆ, ಕೈಯಲ್ಲಿ ಸಮಾಜ ವಿಜ್ಞಾನದ ಪುಸ್ತಕ. ಅವಳು ನನ್ನನ್ನೇ ನೋಡಿದಳು, ನಾನು ಫೋನು ಇಡಲು ಸ್ಟೂಲು ಹುಡುಕಲು ಹೋದೆ.

ಅಜ್ಜಿಯ ಫೋನನ್ನು ಒಂದು ಸ್ಟೂಲಿನ ಮೇಲೆ ಜನರ ಕಡೆ ಮುಖ ಮಾಡಿ ನಿಲ್ಲಿಸಿದ್ದೆವು, ಅದರಲ್ಲಿ ಕಂಡದ್ದು ಟಿವಿಯಲ್ಲೂ ಕಾಣುವ ಹಾಗೆ ವ್ಯವಸ್ಥೆಯಾಗಿತ್ತು. ಹೇಳಿದ ಹೊತ್ತಿಗೆ ಸರಿಯಾಗಿ ಕಾಲ್ ಬಂತು. ಟಿವಿಯ ತುಂಬ ಒಬ್ಬ ಹೆಂಗಸಿನ ಮುಖ. ತಲೆಗೆ ಬಟ್ಟೆ ಕಟ್ಟಿತ್ತು, ಹಿಂದೆ ಬಿಳಿ ಟೈಲ್ಸಿನ ಗೋಡೆ. ಹುಡುಗಿಗಿಂತ ಹದಿನೈದು ವರ್ಷವೋ ಇಪ್ಪತ್ತು ವರ್ಷವೋ ದೊಡ್ಡವಳಿರಬೇಕು, ಅದೇ ಗಲ್ಲ, ಅದೇ ಹುಬ್ಬು. ಇಷ್ಟೊಂದು ಜನರನ್ನು ಕಂಡು ಆಕೆ ಗಾಬರಿಯಾಗಿ ಕೈಮುಗಿದರು.

ಇನ್ನೇನು ಹುಡುಗಿ ಏಳಬೇಕು, ಅಷ್ಟರಲ್ಲಿ ಮುಖ್ಯೋಪಾಧ್ಯಾಯರು ಮೈಕು ಹಿಡಿದು "ಈಗ ಪ್ರಾರ್ಥನೆ" ಎಂದರು.

ಪ್ರಾರ್ಥನೆಯಾಯಿತು. ಟಿವಿಯೊಳಗಿನ ತಾಯಿಯೂ ಎದ್ದು ನಿಂತಿದ್ದರು. ಸ್ವಾಗತವಾಯಿತು, ವೇದಿಕೆಯ ಮೇಲಿನ ಒಬ್ಬೊಬ್ಬರಿಗೂ ಗುಲಾಬಿ. ದೀಪ ಬೆಳಗುವುದಾಯಿತು, ಗಾಳಿಗೆ ಆರಿತು, ಮತ್ತೆ ಬೆಳಗಿದರು. ಪ್ರಾಸ್ತಾವಿಕ ನುಡಿ. ನಾನು ಮುಖ್ಯೋಪಾಧ್ಯಾಯರ ಹಿಂದೆ ಹೋಗಿ, "ಸಾರ್, ಆಯಮ್ಮನ ಟೈಮು ಮುಗೀತದೆ" ಎಂದು ಎರಡು ಸಲ ಹೇಳಿದೆ. "ಆತು ಆತು, ಇನ್ನೊಂದೇ" ಎಂದರು. ಪಕ್ಕದೂರಿನ ಮುಖಂಡರು ತಾಯಿಯ ಮಹಿಮೆಯ ಬಗ್ಗೆ ಮಾತಾಡಿದರು. ಮಾತು ಚೆನ್ನಾಗಿಯೇ ಇತ್ತು. ಆದರೆ ಅವರು ತಾಯಿಯ ಬಗ್ಗೆ ಮಾತಾಡುವಷ್ಟು ಹೊತ್ತು ತಾಯಿ ಅವರ ಪಕ್ಕದಲ್ಲೇ ಸುಮ್ಮನೆ ಕಾಯುತ್ತಿದ್ದರು. ನಡುನಡುವೆ ಬಾಗಿಲ ಕಡೆ ತಿರುಗಿ ನೋಡುತ್ತಿದ್ದರು. ಅವರ ಕಣ್ಣು ಸಾಲಿನಿಂದ ಸಾಲಿಗೆ ಮಗಳನ್ನು ಹುಡುಕುತ್ತಿತ್ತು. ಮುಂದಿನ ಸಾಲು ಫೋನಿಗೆ ತೀರಾ ಹತ್ತಿರ, ಸ್ವಲ್ಪ ಕೆಳಗೆ. ಅಲ್ಲಿ ಕೂತವರು ಆಕೆಗೆ ಕಾಣುತ್ತಲೇ ಇರಲಿಲ್ಲ ಎಂದು ನನಗೆ ಆಮೇಲೆ ಹೊಳೆಯಿತು.

"ಈಗ ಸನ್ಮಾನ" ಎಂದರು ಮುಖ್ಯೋಪಾಧ್ಯಾಯರು.

ಅಧ್ಯಕ್ಷರು ಸೇವಂತಿಗೆಯ ದೊಡ್ಡ ಹಾರ ಹಿಡಿದು ಎದ್ದರು. ಎದ್ದು ನಿಂತ ಮೇಲೆ ಅವರಿಗೆ ತೊಡಕು ಅರ್ಥವಾಯಿತು. ಕೊರಳೆಲ್ಲಿದೆ? ಶಾಲನ್ನೇನೋ ಅಜ್ಜಿಗೆ ಹೊದಿಸಿದರು. ಹಾರ ಹಿಡಿದು ಅತ್ತಿತ್ತ ನೋಡಿದರು. ಹಿಂದಿನಿಂದ ಯಾರೋ, "ಅಲ್ಲೇ ಐತಲ್ಲ ಮುಖ, ಅಲ್ಲಿಗೇ ಹಾಕ್ರಿ" ಎಂದರು. ಅಧ್ಯಕ್ಷರು ಮುಂದೆ ಹೋಗಿ, ಎರಡೂ ಕೈಯಲ್ಲಿ ಹಾರ ಎತ್ತಿ, ಟಿವಿಯ ಎರಡು ಮೂಲೆಗೆ ಸಿಕ್ಕಿಸಿದರು. ಹಿಂದೆ ಸರಿದು ಕೈಮುಗಿದರು.

ಚಪ್ಪಾಳೆ ಶುರುವಾದದ್ದು ಅರ್ಧಕ್ಕೇ ನಿಂತಿತು. ಚೌಕಟ್ಟಿನೊಳಗೆ ಒಂದು ಮುಖ, ಸುತ್ತ ಹಾರ, ಪಕ್ಕದಲ್ಲಿ ಉರಿಯುವ ದೀಪ. ಎದುರಿಗೆ ಕೈಮುಗಿದು ನಿಂತ ಮನುಷ್ಯ. ಅಂಥ ಚಿತ್ರ ನಮ್ಮ ಪ್ರತಿಯೊಂದು ಮನೆಯ ಗೋಡೆಯ ಮೇಲೂ ಇದೆ, ಸತ್ತವರದು. ಹಿಂದಿದ್ದ ಹೆಂಗಸರು "ಅಯ್ಯೋ ಶಿವನೇ" ಎಂದರು. ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡರು.

ಟಿವಿಯೊಳಗಿದ್ದ ಆಕೆಗೆ ಮಾತ್ರ ಹಾರ ಕಾಣುತ್ತಿರಲಿಲ್ಲ. ಆಕೆಗೆ ಕಂಡದ್ದು ಒಮ್ಮೆಲೇ ಬದಲಾದ ನಮ್ಮ ಮುಖಗಳು. "ಏನಾತ್ರೀ? ಯಾಕೆ? ಏನಾತು?" ಎಂದು ಕೇಳತೊಡಗಿದರು.

ಹುಡುಗಿ ಎದ್ದದ್ದು ನನಗೆ ಕಾಣಲಿಲ್ಲ, ಮೇಜಿನ ಹತ್ತಿರ ಇದ್ದದ್ದು ಕಂಡಿತು. ಎರಡೂ ಕೈಯಿಂದ ಹಾರವನ್ನು ಕಿತ್ತಳು. ದಾರ ಹರಿದು ಹೂವು ವೇದಿಕೆಯ ತುಂಬ ಚೆಲ್ಲಿತು. "ನಮ್ಮವ್ವ ಬದುಕವ್ಳೆ!" ಎಂದು ಕೂಗಿದಳು. ಮೈಕು ಪಕ್ಕದಲ್ಲೇ ಇತ್ತು. ಊರಿಗೆಲ್ಲ ಕೇಳಿಸಿರಬೇಕು.

ಆಮೇಲೆ ಫೋನಿನ ಮುಂದೆ ಬಂದು ನಿಂತಳು. ಈಗ ಆಕೆಗೆ ಮಗಳು ಕಂಡಳು.

"ಯಾಕೆ ಮಗಾ ಅಳ್ತಿದೀಯ? ಯಾರೇನಂದ್ರು?"

"ಏನಿಲ್ಲವ್ವ. ಏನೂ ಆಗಿಲ್ಲ."

"ಎಷ್ಟುದ್ದ ಆಗೀಯೇ..." ಎಂದರು ತಾಯಿ. ಆ ಮಾತು ಮುಗಿಯುವುದರೊಳಗೆ ಹಿಂದಿನ ಬಾಗಿಲಿನಿಂದ ಯಾರದೋ ದನಿ ಕೇಳಿತು. ಆಕೆ ಅತ್ತ ನೋಡಿದರು. ಚಿತ್ರ ಅಲುಗಾಡಿ ಆರಿಹೋಯಿತು.

ಅಧ್ಯಕ್ಷರು ಸಪ್ಪೆ ಮುಖ ಮಾಡಿಕೊಂಡು ನನ್ನ ಹತ್ತಿರ ಬಂದರು. "ಗೌರವಕ್ಕೇ ಹಾಕಿದ್ದು ಮೇಡಂ. ದೇವರಾಣೆ, ಬೇರೆ ಏನೂ ತಲೆಗೆ ಬರ್ಲಿಲ್ಲ." ಅವರ ಕಣ್ಣಲ್ಲಿ ನೀರಿತ್ತು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದದ್ದು ಯಾರ ಮೇಲೆ ಎಂದು ಹೇಳಲಾರೆ, ಇಡೀ ಜಗತ್ತಿನ ಮೇಲೆಯೇ ಬಂದಿತ್ತು. ಮುಖ್ಯೋಪಾಧ್ಯಾಯರು ವಂದನಾರ್ಪಣೆಯನ್ನು ಬಿಡಲಿಲ್ಲ. ಶಾಮಿಯಾನ ಹಾಕದಿದ್ದರೂ ಶಾಮಿಯಾನದವರಿಗೂ ಸೇರಿಸಿ ವಂದಿಸಿದರು.

ಹಾರ ಹಾಕಿದ ಗಳಿಗೆಯ ಫೋಟೊ ಒಂದನ್ನು ದೈಹಿಕ ಶಿಕ್ಷಕರು ತೆಗೆದಿದ್ದರು. ಅದೇ ಫೋಟೊವನ್ನು ಸಂಸ್ಥೆಗೆ ಕಳಿಸಿದರು, ಎರಡು ದಿನದಲ್ಲಿ ಒಪ್ಪಿಗೆ ಬಂತು. ಸಮುದಾಯ ಪಾಲುದಾರಿಕೆ ಅತ್ಯುತ್ತಮ ಎಂದಿದ್ದರು. ಮುಂದೆ ಹೊರದೇಶದ ತರಗತಿಯ ಜೊತೆ ಒಮ್ಮೆ ಸಂಪರ್ಕವೂ ಆಯಿತು. ಅವರು ಹಲೋ ಎಂದರು, ನಾವು ಹಲೋ ಎಂದೆವು, ನೆಟ್‌ವರ್ಕ್ ಹೋಯಿತು.

ಆದರೆ ಅದಕ್ಕೂ ಮೊದಲು, ಆ ಸೋಮವಾರ, ಹುಡುಗಿ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು. ಇನ್ನು ಈ ಹುಡುಗಿ ನನ್ನನ್ನು ಏನೂ ಕೇಳಲಾರಳು ಎಂದುಕೊಂಡಿದ್ದೆ.

"ಮಿಸ್, ಬರೋ ಶುಕ್ರವಾರ ಯಾರನ್ನೂ ಕರೀಬ್ಯಾಡ್ರಿ."

"ಆಗಲಿ" ಎಂದೆ. ಅವತ್ತೇ ಮುಖ್ಯೋಪಾಧ್ಯಾಯರ ಕೋಣೆಗೆ ಹೋಗಿ, ಟಿವಿಯ ಬೀಗದ ಕೈ ಕೊಡಿ ಎಂದು ಕೈ ಚಾಚಿದೆ. ಯಾಕೆ ಎಂದು ಕೇಳಲು ಬಾಯಿ ತೆರೆದವರು ನನ್ನ ಮುಖ ನೋಡಿ ಕೊಟ್ಟುಬಿಟ್ಟರು.

ಶುಕ್ರವಾರ ಅಜ್ಜಿ ಫೋನು ಕೊಟ್ಟು, ಒಳಗೆ ಬರಲು ಒಪ್ಪದೆ, ಹೊರಗೆ ಮೆಟ್ಟಿಲ ಮೇಲೆ ಕೂತರು. ನಾನು ತರಗತಿಯ ಬಾಗಿಲು ಹಾಕಿದೆ. ಫೋನನ್ನು ತರಗತಿಗೆ ಮರಳಿದ್ದ ಟಿವಿಗೆ ಜೋಡಿಸಿ, ನನ್ನ ಮೇಜಿನ ಮೇಲೆ ಎತ್ತರಕ್ಕೆ ಇಟ್ಟೆ, ಎರಡನೇ ಬೆಂಚು ಚೆನ್ನಾಗಿ ಕಾಣುವ ಹಾಗೆ. ಮಕ್ಕಳಿಗೆ ಏನೂ ಹೇಳಿರಲಿಲ್ಲ. ಕಾಲ್ ಬರುತ್ತದೋ ಇಲ್ಲವೋ ಎಂಬ ಹೆದರಿಕೆ ಇತ್ತು, ಬಂತು.

"ಏನು ಕೇಳಬೇಕೋ ಕೇಳ್ರೋ" ಎಂದೆ ಮಕ್ಕಳಿಗೆ. ಒಬ್ಬನೂ ಬಾಯಿ ಬಿಡಲಿಲ್ಲ. ತಾಯಿಯೇ ಮೆಲ್ಲಗೆ ಹೇಳಿದರು, "ನನ್ನ ಏನೂ ಕೇಳ್ಬ್ಯಾಡ್ರಿ ಮೇಡಂ. ನಂಗೇನೂ ಹೇಳಕ್ಕೆ ಬರಲ್ಲ. ದಿನಾ ಹೆಂಗೆ ಪಾಠ ಮಾಡ್ತೀರೋ ಹಂಗೇ ಮಾಡ್ರಿ. ನೋಡ್ತೀನಿ."

ಪಾಠ ಮಾಡಿದೆ. ಅವತ್ತಿನ ಪಾಠ ನಮ್ಮ ರಾಜ್ಯದ ನದಿಗಳು. ಕಪ್ಪು ಹಲಗೆಯ ಮೇಲೆ ನಕ್ಷೆ ಬರೆದೆ, ಬಣ್ಣದ ಸೀಮೆಸುಣ್ಣದಲ್ಲಿ ಗೆರೆ ಎಳೆದೆ, ಹಿಂದೆ ಮಾತಾಡುವವನಿಗೆ ಬೈದೆ. ಸ್ವಲ್ಪ ಹೊತ್ತಿಗೆ ನನಗೇ ಆಕೆ ಇರುವುದು ಮರೆತಂತಾಯಿತು. ಮಕ್ಕಳು ಮಾತ್ರ ಮರೆತಿರಲಿಲ್ಲ, ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಒಮ್ಮೆ ತಿರುಗಿ ನೋಡಿದಾಗ ತಾಯಿ ಅಂಗೈಯಲ್ಲಿ ಗಲ್ಲ ಇಟ್ಟುಕೊಂಡು ನೋಡುತ್ತಲೇ ಇದ್ದರು.

"ನಮ್ಮ ಹೊಸದುರ್ಗ, ಹಿರಿಯೂರಿನ ಮೇಲೆ ಹರಿಯುವ ವೇದಾವತಿ ಯಾವ ನದಿಯನ್ನು ಸೇರುತ್ತದೆ?" ಎಂದು ಕೇಳಿದೆ. ಬಹಳ ಕೈಗಳೆದ್ದವು. ಅವುಗಳ ನಡುವೆ, ಎರಡು ವರ್ಷದಲ್ಲಿ ಮೊದಲ ಸಲ, ಎರಡನೇ ಬೆಂಚಿನ ಆ ಕೈಯೂ ಎದ್ದಿತ್ತು.

"ನೀನು ಹೇಳು."

ಅವಳು ಎದ್ದು, ನನ್ನನ್ನು ನೋಡದೆ ಟಿವಿಯ ಕಡೆ ತಿರುಗಿ, ಗಟ್ಟಿಯಾಗಿ ಹೇಳಿದಳು. "ಕಾವೇರಿ ಮಿಸ್."

ತುಂಗಭದ್ರಾ ಎಂದು ಹತ್ತು ನಿಮಿಷದ ಹಿಂದೆ ನಾನೇ ಹಲಗೆಯ ಮೇಲೆ ಬರೆದಿದ್ದೆ, ಅಲ್ಲೇ ಇತ್ತು. ಟಿವಿಯೊಳಗೆ ತಾಯಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು, ಕಣ್ಣು ತುಂಬಿತ್ತು.

"ಸರಿ, ಕೂತ್ಕೋ" ಎಂದೆ.

ನನ್ನ ತರಗತಿಯಲ್ಲಿ ತಪ್ಪು ಉತ್ತರ ಹೇಳಿದರೆ ಉಳಿದವರು ಹೋ ಎಂದು ಎದ್ದುಬಿಡುತ್ತಾರೆ. ನಾನು ತಪ್ಪು ಹೇಳಿದರೂ ಬಿಡುವುದಿಲ್ಲ. ಎತ್ತಿದ್ದ ಕೈಗಳೆಲ್ಲ ಒಂದೊಂದಾಗಿ ಕೆಳಗಿಳಿದವು. ಯಾರೂ ತಪ್ಪು ಎನ್ನಲಿಲ್ಲ.